ರಜೆಯ ದಿನದ ಕೊಳ

ಸೊಸೆಯ ಈಜುಡುಗೆಯನ್ನು ಅತ್ತೆ ಕತ್ತರಿಯಿಂದ ನಾಲ್ಕು ತುಂಡು ಮಾಡಿ, ಅದರಲ್ಲೊಂದು ತುಂಡಿನಿಂದ ಅಡುಗೆಮನೆಯ ಕಟ್ಟೆ ಒರೆಸುತ್ತಿದ್ದರು. ಆ ಬಟ್ಟೆ ನೀರು ಹೀರುವಂಥದ್ದಲ್ಲ. ಚೆಲ್ಲಿದ ಹಾಲನ್ನು ಈ ಮೂಲೆಯಿಂದ ಆ ಮೂಲೆಗೆ ತಳ್ಳುತ್ತಿತ್ತು, ಅಷ್ಟೇ. ಮಧ್ಯಾಹ್ನದ ನಿದ್ದೆಯಿಂದೆದ್ದು ನೀರು ಕುಡಿಯಲು ಬಂದ ಸೊಸೆ ಬಾಗಿಲಲ್ಲೇ ನಿಂತಳು. ಕಡುನೀಲಿ ಬಣ್ಣ, ಎರಡೂ ಬದಿಗೆ ಸಣ್ಣ ಬಿಳಿ ಗೆರೆ. ಕಾಯಿಲೆ ಗೊತ್ತಾದ ದಿನದಿಂದ ಬೀರುವಿನ ತಳದಲ್ಲಿ ಮಡಚಿಟ್ಟಿದ್ದ ಉಡುಪು ಅದು.

“ಒರೆಸೋಕೂ ಬರದ ಬಟ್ಟೆ ನೋಡು,” ಎಂದರು ಅತ್ತೆ, ತಿರುಗಿಯೂ ನೋಡದೆ. “ಬೀರು ತೆಗೆದು ಇದರ ಮುಖ ನೋಡ್ಕೊಂಡು ದಿನಾ ಅಳ್ತೀಯಲ್ಲ, ಇನ್ನು ಆ ತಾಪತ್ರಯ ಇಲ್ಲ.”

ಸೊಸೆ ಲೋಟಕ್ಕೆ ಕೈ ಚಾಚಿದವಳು ಅದನ್ನು ಅಲ್ಲೇ ಬಿಟ್ಟು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಸ್ವಲ್ಪ ಹೊತ್ತಿಗೆ ಯಾರೋ ಬಾಗಿಲು ತಟ್ಟಿದ ಸದ್ದು. ತೆರೆದರೆ ಯಾರೂ ಇಲ್ಲ. ನೆಲದ ಮೇಲೆ ಕುದಿಸಿ ಆರಿಸಿದ ನೀರಿನ ಲೋಟ, ಅದರ ಮೇಲೆ ಒಂದು ತಟ್ಟೆ ಮುಚ್ಚಿತ್ತು. ಆ ಮನೆಯಲ್ಲಿ ಕ್ರೌರ್ಯವೂ ಉಪಚಾರವೂ ಒಂದೇ ಕೈಯಿಂದ ಬರುತ್ತಿದ್ದವು. ಯಾವುದು ಯಾವಾಗ ಬರುತ್ತದೆಂದು ಮಾತ್ರ ಹೇಳುವಂತಿರಲಿಲ್ಲ.

ಸೊಸೆ ಊರಿನ ಸಾರ್ವಜನಿಕ ಈಜುಕೊಳದಲ್ಲಿ ಈಜು ಕಲಿಸುವವಳು. ಬೆಳಿಗ್ಗೆ ಹೆಂಗಸರಿಗೆ, ಸಂಜೆ ಮಕ್ಕಳಿಗೆ. ಮಕ್ಕಳು ಅವಳನ್ನು ಮೀನು ಟೀಚರ್ ಅನ್ನುತ್ತಿದ್ದರು. ಆಮೇಲೆ ಮಕ್ಕಳ ತಾಯಂದಿರೂ ಟಿಕೆಟ್ ಕೊಡುವವನೂ ಹಾಗೇ ಅನ್ನತೊಡಗಿ, ಅವಳ ನಿಜವಾದ ಹೆಸರು ಸಂಬಳದ ದಿನ ಮಾತ್ರ ನೆನಪಾಗುವ ಸಂಗತಿಯಾಯಿತು. ಒಂದು ಸಂಜೆ ಸೀಟಿಯ ದಾರವನ್ನು ಕೊರಳಿಗೆ ಹಾಕಿಕೊಳ್ಳುವಾಗ ಕತ್ತಿನ ಬದಿಯಲ್ಲಿ ಗಂಟೊಂದು ಬೆರಳಿಗೆ ಸಿಕ್ಕಿತು. ನೋಯುತ್ತಿರಲಿಲ್ಲವಾದ್ದರಿಂದ ಅವಳು ಅದನ್ನು ತಲೆಗೆ ಹಚ್ಚಿಕೊಳ್ಳಲಿಲ್ಲ. ಗಂಟು ದಪ್ಪವಾಯಿತು, ಸಂಜೆ ಸಂಜೆ ಜ್ವರ ಬಂತು, ಮೈ ಇಳಿಯಿತು. ಕೊನೆಗೆ ಆಸ್ಪತ್ರೆಯಲ್ಲಿ ಅದು ದುಗ್ಧರಸ ಗ್ರಂಥಿಯ ಕ್ಯಾನ್ಸರ್, ಲಿಂಫೋಮಾ ಎಂದರು. ಗುಣವಾಗುವಂಥದ್ದೇ, ಆದರೆ ಕೀಮೋ ತಿಂಗಳುಗಟ್ಟಲೆ ಆಗಬೇಕು ಎಂದರು. ಔಷಧಿ ಹಾಕಲು ಅವಳ ತೋಳಿನ ಒಳಬದಿಯಿಂದ ಒಂದು ತೆಳು ನಳಿಕೆ ತೂರಿಸಿದರು. ಅದರ ಒಂದು ತುದಿ ಒಳಗೆ ಎದೆಯ ತನಕ ಹೋಗುತ್ತಿತ್ತು, ಇನ್ನೊಂದು ತುದಿ ತೋಳಿನ ಮೇಲೆ ಪಾರದರ್ಶಕ ಪಟ್ಟಿಯ ಕೆಳಗೆ ಸುರುಳಿ ಸುತ್ತಿಕೊಂಡು ಕೂತಿತ್ತು.

ನಳಿಕೆ ಹಾಕಿದ ದಿನವೇ ನರ್ಸು ಗಂಡಹೆಂಡಿರಿಬ್ಬರನ್ನೂ ಕೂರಿಸಿಕೊಂಡು ಹೇಳಿದ್ದಳು. ಪಟ್ಟಿ ಒದ್ದೆಯಾಗಬಾರದು. ಕೊಳ, ಕೆರೆ, ತೊಟ್ಟಿ, ಯಾವ ನೀರಿಗೂ ಇಳಿಯಬಾರದು. ಕೀಮೋ ಆದ ಮೇಲೆ ರಕ್ತದಲ್ಲಿ ರೋಗದ ಜೊತೆ ಹೋರಾಡುವ ಬಿಳಿ ಕಣಗಳು ತಳ ಕಾಣುತ್ತವೆ. ಆಗ ಬೇರೆಯವರಿಗೆ ಏನೂ ಮಾಡದ ಕ್ರಿಮಿಯೂ ಪ್ರಾಣಕ್ಕೆ ಬರಬಹುದು. ಜ್ವರ ಬಂದರೆ ಮಾತ್ರೆ ನುಂಗಿ ಮಲಗುವಂತಿಲ್ಲ, ನೇರ ಆಸ್ಪತ್ರೆಗೆ ಬರಬೇಕು.

ಟೀಚರ್ ತಲೆಯಾಡಿಸಿದಳು. ಗಂಡನ ಮುಖ ಮಾತ್ರ ಕೆಂಪಾಯಿತು. ಯಾಕೆಂದರೆ ಅದೇ ಕೊಳದ ನೀರು ನೋಡಿಕೊಳ್ಳುವವನು ಅವನೇ. ಪಂಪು, ಸೋಸುವ ಯಂತ್ರ, ಔಷಧಿ ಬೆರೆಸುವ ಟ್ಯಾಂಕು ಎಲ್ಲದರ ಬೀಗದಕೈ ಅವನ ಸೊಂಟದಲ್ಲಿ. ಕೆಲಸದವರು ಅವನಿಗೆ ಇಟ್ಟ ಹೆಸರು ಕ್ಲೋರಿನ್ ಸಾಹೇಬ. ಅವನಿಗೆ ಅದು ತಮಾಷೆ ಅನ್ನಿಸಿರಲೇ ಇಲ್ಲ, ಬಿರುದು ಅಂದುಕೊಂಡಿದ್ದ. ಗಾಜಿನ ಕೊಳವೆಯಲ್ಲಿ ನೀರು ಹಿಡಿದು ಬಣ್ಣ ನೋಡುವಾಗ, ಹೆತ್ತವರು ಮಗುವಿನ ಹಲ್ಲು ನೋಡುವ ಹಾಗೆ ನೋಡುತ್ತಿದ್ದ. ಆಸ್ಪತ್ರೆಯಿಂದ ಮನೆಗೆ ಬರುವ ದಾರಿಯುದ್ದಕ್ಕೂ ಅವನು ನರ್ಸಿನ ಮಾತನ್ನೇ ಆಡುತ್ತಿದ್ದ. ಕೆರೆ ಅಂದರೆ ಸರಿ, ತೊಟ್ಟಿ ಅಂದರೆ ಸರಿ, ಅವುಗಳ ಸಾಲಿಗೆ ತನ್ನ ಕೊಳವನ್ನು ಸೇರಿಸಿದ್ದು ಯಾವ ನ್ಯಾಯ ಎಂಬುದು ಅವನ ತಕರಾರು. ಹೆಂಡತಿಗೆ ಕ್ಯಾನ್ಸರ್ ಎಂದಾಗ ಮಂಕಾಗಿ ಕೂತಿದ್ದ ಮನುಷ್ಯ, ನೀರಿಗೆ ಅವಮಾನವಾದಾಗ ಮಾತ್ರ ಬಾಯಿ ಬಿಟ್ಟ. ದುಃಖ ಹೀಗೂ ಹೊರಗೆ ಬರುತ್ತದೆ.

ಅತ್ತೆಯದು ಬೇರೆ ದಾರಿ. ಅವರು ಬಸ್ ನಿಲ್ದಾಣದ ವಿಚಾರಣೆಯ ಕಿಟಕಿಯಲ್ಲಿ ಕೂತು ನಿವೃತ್ತರಾದವರು. ಗಾಜಿನಲ್ಲಿ ಕೊರೆದ ತೂತಿನ ಮೂಲಕ ಇಡೀ ಊರಿಗೆ ಉತ್ತರ ಹೇಳಿದ ಗಂಟಲು ಅದು. ಬಸ್ಸು ಹೋಯಿತು ಎಂದರೆ ಹೋಯಿತು, ಅಷ್ಟೇ. ಅಯ್ಯೋ ಪಾಪ, ಈಗಷ್ಟೇ ಹೋಯಿತಲ್ಲ ಎಂದು ಸವರಿ ಹೇಳುವ ಅಭ್ಯಾಸ ಅವರಿಗೆ ಇರಲಿಲ್ಲ. ಸೊಸೆಯ ಕೂದಲು ಉದುರಿದಾಗಲೂ ಹಾಗೇ. ಎಲ್ಲರೂ ಬೇರೆಲ್ಲೋ ನೋಡುತ್ತಾ ಮಾತಾಡುತ್ತಿದ್ದರೆ, ಅತ್ತೆ ನೇರ ತಲೆಯನ್ನೇ ನೋಡಿ, ಇಷ್ಟು ದಿನ ಸ್ನಾನದಮನೆಯ ನೀರು ಕಟ್ಟಿಕೊಳ್ಳುತ್ತಿತ್ತು, ಇನ್ನು ಆ ಕಾಟ ತಪ್ಪಿತು ಎಂದರು. ಸೊಸೆ ನೂರು ಜನ ಮುಳುಗುವ ನೀರಿನಲ್ಲಿ ಕೆಲಸ ಮಾಡುವುದು ಅವರಿಗೆ ಮದುವೆಯ ದಿನದಿಂದಲೂ ಸೇರದ ವಿಷಯ. ಸಂಜೆ ಅವಳು ಮನೆಯೊಳಗೆ ಬಂದರೆ ಕ್ಲೋರಿನ್ ವಾಸನೆ ಎಂದು ಕಿಟಕಿಗಳನ್ನೆಲ್ಲ ತೆರೆಯುತ್ತಿದ್ದರು. ಕಾಯಿಲೆ ಬಂದ ಮೇಲೆ, ಎಲ್ಲ ಆ ನೀರಿನಿಂದಲೇ ಬಂದದ್ದು ಎಂದು ಷರಾ ಬರೆದರು. ಹಾಗೆ ಬರುವ ಕಾಯಿಲೆ ಅಲ್ಲ ಇದು ಎಂದು ಡಾಕ್ಟರ್ ಹೇಳಿದ್ದನ್ನು ಮಗ ವಿವರಿಸಿದ. ಡಾಕ್ಟರ್ ಈ ಮನೆಯಲ್ಲಿ ಇದ್ದಾರಾ, ನಾನು ಇದ್ದೀನಿ ಎಂದು ಅವರು ಮಾತು ಮುಗಿಸಿದರು.

ಆದರೆ ಕಾವಲು ಕಾಯಲು ಅವರಷ್ಟು ಗಟ್ಟಿಯವರು ಇನ್ನೊಬ್ಬರಿರಲಿಲ್ಲ. ಚಪ್ಪಲಿ ಹೊರಗೆ. ಕೈ ತೊಳೆಯದವರು ಕೋಣೆಯ ಹೊಸಿಲಾಚೆ. ನೋಡಲು ಬಂದ ನೆಂಟನೊಬ್ಬ ಮೂಗೊರೆಸಿದ್ದೇ ತಡ, ಅವನ ಟೀ ಲೋಟವನ್ನು ಅರ್ಧಕ್ಕೇ ಕಸಿದುಕೊಂಡು ಬಾಗಿಲು ತೋರಿಸಿದರು. ಮೊಮ್ಮಗಳು ಪುಟ್ಟಿಯ ತರಗತಿಯಲ್ಲಿ ಸೀತಾಳೆ ಸಿಡುಬು ಕಾಣಿಸಿಕೊಂಡಿತೆಂದು ಕೇಳಿದ ದಿನವೇ, ಮಗು ಅಳುತ್ತಿದ್ದರೂ ಬಿಡದೆ, ಅವಳನ್ನು ದೊಡ್ಡಮ್ಮನ ಮನೆಗೆ ಸಾಗಿಸಿಬಿಟ್ಟರು. ಟೀಚರ್ ಕಿಟಕಿಯಿಂದಲೇ ಮಗಳಿಗೆ ಕೈ ಬೀಸಿದಳು. ಆವತ್ತಿನಿಂದ ಅವಳ ಮಾತು ಕಡಿಮೆಯಾಯಿತು. ಕೇಳಿದ್ದಕ್ಕೆ ಹೂಂ, ಉಹೂಂ, ಅಷ್ಟೇ. ಗಂಡ ಪಕ್ಕದಲ್ಲಿ ಕೂತು ಏನು ಬೇಕು ಎಂದು ಕೇಳಿದರೆ ಗೋಡೆ ನೋಡುತ್ತಿದ್ದಳು. ಒಮ್ಮೆ ಮಾತ್ರ, ನೆಲದ ಮೇಲೆ ಮೈ ತುಂಬಾ ಭಾರ ಅನ್ನಿಸುತ್ತೆ ರೀ, ನೀರಲ್ಲಿ ಹಾಗಿರಲಿಲ್ಲ ಎಂದಳು.

ಈಜುಡುಗೆ ತುಂಡಾದ ಸಂಜೆ ಗಂಡ ಕೆಲಸದಿಂದ ಬಂದು ಕಟ್ಟೆಯ ಮೇಲೆ ಒಣಗುತ್ತಿದ್ದ ನೀಲಿ ಚೂರನ್ನು ನೋಡಿದ. ಅಮ್ಮನಿಗೆ ಎದುರಾಡುವ ಧೈರ್ಯ ಅವನಿಗೆ ಯಾವತ್ತೂ ಇರಲಿಲ್ಲ. ಧೈರ್ಯವಿಲ್ಲದವನು ಗುಟ್ಟಿನಲ್ಲಿ ಮಾಡುವ ಕೆಲಸಗಳೇ ಅಪಾಯದ್ದು. ಅವನೊಂದು ಉಪಾಯ ಹೂಡಿದ.

ಕೊಳಕ್ಕೆ ವಾರಕ್ಕೊಂದು ದಿನ ರಜೆ. ಅವತ್ತು ಗೇಟಿಗೆ ಬೀಗ, ಒಳಗೆ ಅವನೊಬ್ಬನೇ. ಹಿಂದಿನ ಸಂಜೆ ಎಲ್ಲರೂ ಹೋದ ಮೇಲೆ ಅವನು ನೀರಿಗೆ ಮಾಮೂಲಿಗಿಂತ ಬಹಳ ಜಾಸ್ತಿ ಕ್ಲೋರಿನ್ ಹಾಕಿದ. ಪಂಪು ನಿಲ್ಲಿಸದೆ ಓಡಿಸಿದ. ಬೆಳಿಗ್ಗೆ ಕೊಳವೆಯಲ್ಲಿ ನೀರು ಹಿಡಿದು ಪರೀಕ್ಷಿಸಿದ. ಅಂಚಿನಿಂದ ಬಗ್ಗಿ ನೋಡಿದರೆ ತಳದ ಟೈಲುಗಳ ನಡುವಿನ ಗೆರೆಗಳೂ ಕಾಣುತ್ತಿದ್ದವು. ಸಾರ್ವಜನಿಕ ಕೊಳ ಬೇಡ ಅಂದರಲ್ಲ, ಇವತ್ತು ಇಲ್ಲಿ ಸಾರ್ವಜನಿಕರು ಎಲ್ಲಿದ್ದಾರೆ? ಅವನ ಲೆಕ್ಕ ಅಷ್ಟೇ ಸರಳವಾಗಿತ್ತು. ಬೇರೆ ಯಾರೂ ಮಾಡದ, ಈ ಮನುಷ್ಯ ಮಾತ್ರ ಮಾಡಬಹುದಾದ ತಪ್ಪು ಅದು. ಹೆಂಡತಿಯ ರಕ್ತದ ಪರೀಕ್ಷೆಯನ್ನು ಕೇಳುವ ಬದಲು ನೀರಿನ ಪರೀಕ್ಷೆ ಮಾಡಿ ಸಮಾಧಾನಪಟ್ಟುಕೊಂಡಿದ್ದ. ಕೀಮೋ ಆಗಿ ವಾರ ಕಳೆದಿತ್ತು. ರಕ್ತ ತೀರಾ ಬಡವಾಗುವ ದಿನಗಳೇ ಅವು.

ಅಮ್ಮನಿಗೆ, ಸ್ವಲ್ಪ ಗಾಳಿಗೆ ತಿರುಗಾಡಿಸಿಕೊಂಡು ಬರುತ್ತೇನೆ ಎಂದು ಹೇಳಿ ಹೆಂಡತಿಯನ್ನು ಕರೆತಂದ. ಹಿಂದಿನ ಬಾಗಿಲಿನಿಂದ ಒಳಗೆ ಬಂದು ನೀರು ಕಂಡ ಕೂಡಲೇ ಟೀಚರ್ ನಿಂತುಬಿಟ್ಟಳು. ಬೇಡ, ನರ್ಸು ಬೇಡ ಅಂದಿದ್ದಾರೆ ಎಂದಳು. ಅವನು ತೋಳಿಗೆ ಪ್ಲಾಸ್ಟಿಕ್ ಹಾಳೆ ಸುತ್ತಿ, ಪೈಪುಗಳಿಗೆ ಹಚ್ಚುವ ಟೇಪನ್ನು ಮೇಲೂ ಕೆಳಗೂ ಬಿಗಿದ. ನನ್ನ ಪೈಪುಗಳನ್ನೇ ಸೋರದಂತೆ ಹಿಡಿದಿರುವ ಟೇಪು ಇದು ಎಂದ. ಬೇಕಾದರೆ ಈ ನೀರನ್ನು ನಾನು ಕುಡಿದು ತೋರಿಸುತ್ತೇನೆ ಎಂದ. ನಿಜವಾಗಿ ಬಗ್ಗಿ ಬೊಗಸೆಗೂ ತುಂಬಿಕೊಂಡ. ಅವಳಿಗೆ ನಗು ಬಂತು. ತಿಂಗಳುಗಳ ಮೇಲೆ ಬಂದ ನಗು... ಅದಕ್ಕೇ ಅವನು ಸೋತ, ಅವಳೂ ಸೋತಳು.

ಹಳೆಯ ಟೀಶರ್ಟು, ಪೈಜಾಮದಲ್ಲೇ ಏಣಿ ಹಿಡಿದು ಇಳಿದಳು. ನೀರು ಮೊಣಕಾಲಿಗೆ, ಸೊಂಟಕ್ಕೆ, ಎದೆಗೆ ಬಂತು. ಕಾಲು ನೆಲ ಬಿಟ್ಟಿತು. ಮೂಳೆಯ ನೋವು, ಬಾಯಿಯ ಹುಣ್ಣು, ಮೆಟ್ಟಿಲು ಹತ್ತಿದರೆ ಬರುವ ಏದುಸಿರು, ಎಲ್ಲವನ್ನೂ ಯಾರೋ ಮೇಲಿನಿಂದ ಎತ್ತಿಕೊಂಡ ಹಾಗಾಯಿತು. ಅಂಗಾತ ತೇಲಿದಳು. ಕಿವಿ ನೀರಿನೊಳಗೆ ಹೋದ ಮೇಲೆ ಕೇಳುವುದು ಪಂಪಿನ ಗುಂಯ್ ಸದ್ದು ಮಾತ್ರ. ಮೇಲೆ ಚಾವಣಿಯ ತಗಡು, ಅದರ ತೂತಿನಿಂದ ಬಿದ್ದ ಬಿಸಿಲ ಕೋಲು. ಅವಳು ಅತ್ತಳು. ನೀರಿನಲ್ಲಿ ಅತ್ತರೆ ಒರೆಸಿಕೊಳ್ಳುವ ಕೆಲಸವಿಲ್ಲ. ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ ಗಂಡ, ತನ್ನ ಜೀವನದಲ್ಲಿ ಒಂದೇ ಒಂದು ಒಳ್ಳೆಯ ಕೆಲಸ ಮಾಡಿದ್ದರೆ ಅದು ಇದೇ ಎಂದುಕೊಂಡ.

ಮೇಲೆ ಬಂದಾಗ ಟೇಪಿನ ಒಂದು ಅಂಚು ಬಿಟ್ಟುಕೊಂಡಿತ್ತು. ಪ್ಲಾಸ್ಟಿಕ್ಕಿನೊಳಗೆ ನೀರು. ಪಟ್ಟಿಯ ಕೆಳಗೂ ನೀರು, ನಳಿಕೆಯ ಸುರುಳಿ ಅದರಲ್ಲಿ ನೆನೆಯುತ್ತಿತ್ತು. ಆಗಲಾದರೂ ಆಸ್ಪತ್ರೆಗೆ ಹೋಗಿದ್ದರೆ ಹೊಸ ಪಟ್ಟಿ ಹಾಕಿ ಕಳಿಸುತ್ತಿದ್ದರು. ಆದರೆ ರಜೆಯ ದಿನ ಒಬ್ಬರನ್ನು ನೀರಿಗೆ ಇಳಿಸಿದ್ದು ಗೊತ್ತಾದರೆ ಅವನ ಕೆಲಸ ಉಳಿಯುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಬಟ್ಟೆ ಬದಲಿಸುವ ಕೋಣೆಯ ಗೋಡೆಯಲ್ಲಿ ಕೈ ಒಣಗಿಸುವ ಬಿಸಿಗಾಳಿಯ ಯಂತ್ರವಿತ್ತು. ಅದರ ಕೆಳಗೆ ತೋಳು ಹಿಡಿದು ನಿಂತಳು. ಸಾವಿರ ಜನರ ಒದ್ದೆ ಕೈಗಳು ತಟ್ಟಿದ ಯಂತ್ರ. ಪಟ್ಟಿ ಒಣಗಿದ ಹಾಗೆ ಕಂಡಿತು. ಕಂಡದ್ದನ್ನೇ ನಂಬಿದರು.

ಮರುದಿನ ಮಧ್ಯಾಹ್ನ ಅವಳಿಗೆ ಚಳಿ ಹತ್ತಿತು. ಮೊದಲು ಬೆನ್ನಿನಲ್ಲಿ ಸಣ್ಣಗೆ, ಆಮೇಲೆ ಹಲ್ಲು ಕಟಕಟ ಎನ್ನುವಷ್ಟು. ಗಂಡ ಕೆಲಸದಲ್ಲಿದ್ದ. ಅತ್ತೆ ಹೊರಗೆ ತರಕಾರಿ ಹೆಚ್ಚುತ್ತಿದ್ದರು. ಮಾಡಬೇಕಾದ್ದು ಏನೆಂದು ಟೀಚರಿಗೆ ಸ್ಪಷ್ಟವಾಗಿ ಗೊತ್ತಿತ್ತು. ಆಸ್ಪತ್ರೆಗೆ ಹೋದರೆ ಪಟ್ಟಿ ಹೇಗೆ ಒದ್ದೆಯಾಯಿತು ಎಂದು ಕೇಳುತ್ತಾರೆ ಎಂಬುದೂ ಗೊತ್ತಿತ್ತು. ತನ್ನ ಸಂಬಳ ನಿಂತಿದೆ, ಅವನದೂ ನಿಂತರೆ? ಅತ್ತೆಯ ಬಾಯಿಗೆ ಅವನು ಸಿಕ್ಕಿದರೆ? ಅವಳು ಎದ್ದು ಜ್ವರದ ಮಾತ್ರೆ ಎರಡನ್ನು ನುಂಗಿ, ಹೊದಿಕೆಯೊಳಗೆ ಮುದುಡಿ ಮಲಗಿದಳು. ಗಂಡನಿಗಾಗಿ ಹೀಗೆ ಮಾಡುತ್ತಿದ್ದೇನೆ ಎಂಬ ಯೋಚನೆಯಲ್ಲಿ ಒಂದು ಸುಖವೂ ಇತ್ತು. ಇಂಥ ಸುಖಗಳೇ ಹೆಂಗಸರನ್ನು ಕೊಲ್ಲುವುದು.

ಸಂಜೆ ಅತ್ತೆ ಎಂದಿನಂತೆ ಥರ್ಮಾಮೀಟರ್ ಹಿಡಿದು ಬಂದರು. ಮಾತ್ರೆಯ ಪ್ರಭಾವದಲ್ಲಿ ಜ್ವರ ಇಳಿದಿತ್ತು. ಏನೂ ಇಲ್ಲ ಎಂದು ಥರ್ಮಾಮೀಟರನ್ನು ಒರೆಸಿ ಡಬ್ಬಿಗೆ ಹಾಕಿ ಏಳುವಾಗ ಅವರು ನಿಂತರು. ಬಗ್ಗಿದರು. ಸೊಸೆಯ ಕುತ್ತಿಗೆಯ ಹತ್ತಿರ ಮೂಗು ತಂದು ಮೂಸಿದರು.

“ಎಲ್ಲಿಗೆ ಹೋಗಿದ್ದೆ?”

“ಎಲ್ಲೂ ಇಲ್ಲ ಅತ್ತೆ.”

“ಇಷ್ಟು ವರ್ಷ ದಿನಾ ಸಂಜೆ ಇದೇ ವಾಸನೆಗೆ ಕಿಟಕಿ ತೆಗೆದಿದೀನಿ. ನನಗೆ ಹೇಳಿಕೊಡಬೇಡ. ತೋಳು ತೋರಿಸು.”

ಟೀಚರ್ ಹೊದಿಕೆ ಬಿಗಿ ಹಿಡಿದಳು. ಅತ್ತೆ ಅದನ್ನು ಎಳೆದು ತೆಗೆದರು. ಪಟ್ಟಿಯೊಳಗೆ ಮಂಜು ಕಟ್ಟಿದ ಹಾಗೆ ತೇವ, ನಳಿಕೆ ಚರ್ಮ ಹೊಕ್ಕ ಜಾಗದ ಸುತ್ತ ಕೆಂಪು. ಹಾಸಿಗೆಯ ಪಕ್ಕದ ಮೇಜಿನ ಮೇಲೆ ಮಾತ್ರೆಯ ಹಾಳೆ, ಎರಡು ಗುಳಿ ಖಾಲಿ. ಅತ್ತೆ ಮೂರನ್ನೂ ಒಂದೊಂದಾಗಿ ನೋಡಿದರು. ಕೂಗಾಡುತ್ತಾರೆಂದು ಸೊಸೆ ಕಣ್ಣು ಮುಚ್ಚಿದಳು. ಅತ್ತೆಯ ದನಿ ಮಾತ್ರ ಎಂದೂ ಕೇಳದಷ್ಟು ತಗ್ಗಿತ್ತು.

“ಚಳಿ ಬಂತಾ?”

“ಬಂತು.”

“ಯಾರನ್ನ ಕಾಪಾಡೋಕೆ ಬಾಯಿ ಮುಚ್ಕೊಂಡಿದೀಯ? ಅವನನ್ನಾ?”

“ಅವರ ಕೆಲಸ ಹೋಗುತ್ತೆ ಅತ್ತೆ... ನನ್ನ ಖುಷಿಗೆ ಕರ್ಕೊಂಡು ಹೋಗಿದ್ದು ಅವರು. ಯಾರಿಗೂ ಹೇಳಬೇಡಿ, ನಿಮ್ಮ ಕಾಲಿಗೆ ಬೀಳ್ತೀನಿ...”

“ಕಾಲು ಆಮೇಲೆ ಹಿಡಿ, ಮೊದಲು ಚಪ್ಪಲಿ ಹಾಕು. ಅವನ ಕೆಲಸ ಹೋದರೆ ಇನ್ನೊಂದು ಹುಡುಕ್ತಾನೆ. ನೀನು ಹೋದರೆ ನಾನು ಬೈಯೋಕೆ ಯಾರನ್ನ ಹುಡುಕಲಿ?”

ಟ್ಯಾಕ್ಸಿಯಲ್ಲಿ ಸೊಸೆಗೆ ಮತ್ತೆ ಚಳಿ ಏರುತ್ತಿತ್ತು. ಅತ್ತೆ ತಮ್ಮ ಶಾಲು ತೆಗೆದು ಅವಳಿಗೆ ಸುತ್ತಿ, ಕಂಕುಳಲ್ಲಿ ಅವಳ ಅಂಗೈ ಸಿಕ್ಕಿಸಿಕೊಂಡು ಕೂತರು. ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಗಾಜಿನ ಕಿಟಕಿ, ಮುಂದೆ ಉದ್ದ ಸಾಲು, ಒಳಗೆ ತಲೆ ಎತ್ತದೆ ಬೆರಳಚ್ಚಿಸುತ್ತಿದ್ದ ಹೆಂಗಸು. ಮುಂದಿದ್ದವರು ತಮ್ಮ ಹೊಟ್ಟೆನೋವಿನ ಚರಿತ್ರೆಯನ್ನು ಆರಂಭದಿಂದ ಹೇಳುತ್ತಿದ್ದರು. ಕಿಟಕಿಯ ಹಿಂದೆ ಕೂತವರ ಕಿವಿಗೆ ಮೊದಲ ವಾಕ್ಯ ಮಾತ್ರ ಹೋಗುತ್ತದೆ, ಉಳಿದದ್ದು ಬರೀ ಗದ್ದಲ ಎಂಬುದು ಅತ್ತೆಗೆ ಗೊತ್ತಿತ್ತು. ಅವರು ಸಾಲು ದಾಟಿ ಹೋಗಿ ತೂತಿಗೆ ಬಾಯಿ ಇಟ್ಟು, ಕೋಣೆಗೆಲ್ಲ ಕೇಳುವಂತೆ ಹೇಳಿದರು.

“ಕೀಮೋ ಆಗ್ತಿರೋಳು, ಚಳಿಜ್ವರ ಬಂದಿದೆ, ಮಾತ್ರೆ ನುಂಗಿ ಮುಚ್ಚಿಟ್ಟಿದಾಳೆ, ನಿನ್ನೆ ಸಾರ್ವಜನಿಕ ಕೊಳದಲ್ಲಿ ನಳಿಕೆ ನೆನೆಸಿಕೊಂಡಿದಾಳೆ.”

ಒಳಗಿದ್ದ ಹೆಂಗಸಿನ ತಲೆ ಎತ್ತಿತು. ಸಾಲಿನಲ್ಲಿದ್ದವರು ತಿರುಗಿ ನೋಡಿದರು. ಟೀಚರಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಆ ನಾಚಿಕೆ ಮುಗಿಯುವ ಮೊದಲೇ ಗಾಲಿಕುರ್ಚಿ ಬಂತು.

ಮುಂದಿನದೆಲ್ಲ ಬೇಗ ಬೇಗ ನಡೆಯಿತು. ರಕ್ತ ತೆಗೆದರು. ಫಲಿತಾಂಶಕ್ಕೆ ಕಾಯದೆ ಬೇರೆ ನರಕ್ಕೆ ಸೂಜಿ ಹಾಕಿ ಆ್ಯಂಟಿಬಯೋಟಿಕ್ ಹರಿಸಿದರು. ಒದ್ದೆಯಾದ ಸಂಗತಿ ಗೊತ್ತಾದ್ದರಿಂದ ಎಲ್ಲಕ್ಕಿಂತ ಮೊದಲು ನಳಿಕೆಯನ್ನೇ ಅನುಮಾನಿಸಿ ಹೊರಗೆಳೆದರು. ಬಿಳಿ ಕಣಗಳು ಹೆಸರಿಗೆ ಮಾತ್ರ ಉಳಿದಿದ್ದವು. ರಕ್ತದೊತ್ತಡ ಇಳಿಯುತ್ತಿತ್ತು. ಅವಳನ್ನು ಒಬ್ಬಳೇ ಇರುವ ಕೋಣೆಗೆ ಸಾಗಿಸಿ ಬಾಗಿಲು ಮುಚ್ಚಿದರು.

ಸುದ್ದಿ ತಿಳಿದು ಗಂಡ ಓಡಿ ಬಂದಾಗ ಅವನ ಬೂಟಿನಿಂದ ಇನ್ನೂ ಕೊಳದ ನೀರು ಜಿನುಗುತ್ತಿತ್ತು. ಕಾರಿಡಾರಿನ ಬೆಂಚಿನಲ್ಲಿ ಅಮ್ಮ ಒಬ್ಬರೇ ಕೂತಿದ್ದರು. ಅವನು ಏನು ಕೇಳಿದರೂ ಅವರು ಮುಚ್ಚಿದ ಬಾಗಿಲಿನತ್ತ ಬೆರಳು ತೋರಿಸಿದರು. ಅದನ್ನು ತಡೆಯಲಾರದೆ ಅವನು ಸಿಡಿದ. ಹುಟ್ಟಿದ ಮೇಲೆ ಮೊದಲ ಸಲ ಅಮ್ಮನ ಎದುರು ದನಿ ಎತ್ತಿದ.

“ನೀನು ಆ ಬಟ್ಟೆ ಕತ್ತರಿಸದೆ ಇದ್ದಿದ್ದರೆ ನಾನು ಅವಳನ್ನ ಅಲ್ಲಿಗೆ ಕರ್ಕೊಂಡೇ ಹೋಗ್ತಿರಲಿಲ್ಲ ಅಮ್ಮ. ನೀನು ಚುಚ್ಚಿ ಚುಚ್ಚಿ ಅವಳನ್ನ ಅರ್ಧ ಸಾಯಿಸಿದೆ.”

“ಹೌದು,” ಎಂದರು ಅಮ್ಮ. “ಉಳಿದರ್ಧ ನೀನು.”

ಅವನು ಬೆಂಚಿನ ಮೇಲೆ ಕುಸಿದ. ಇಬ್ಬರ ನಡುವೆ ಒಬ್ಬರು ಕೂರುವಷ್ಟು ಜಾಗ ಖಾಲಿ ಇತ್ತು. ತುಂಬಾ ಹೊತ್ತಿನ ಮೇಲೆ ಅಮ್ಮ ಸರಿದು ಅದನ್ನು ತುಂಬಿದರು. ಅವನ ಬೆನ್ನಿಗೆ ಕೈ ಇಡಲಿಲ್ಲ, ಅಂಥವರಲ್ಲ. ಒದ್ದೆ ಬೂಟು ಬಿಚ್ಚು, ನಿನಗೂ ನೆಗಡಿ ಬಂದರೆ ನಿನ್ನನ್ನು ಆ ಕೋಣೆಯ ಹತ್ತಿರ ಬಿಡುವುದಿಲ್ಲ ಎಂದರು. ಅವನು ಬೂಟು ಬಿಚ್ಚಿ, ಬರಿಗಾಲಲ್ಲಿ ಕೂತು, ಅತ್ತ.

ಡಾಕ್ಟರ್ ಹೊರಗೆ ಬಂದಾಗ ಅವನು ಎದ್ದು ನಿಂತು ಎಲ್ಲವನ್ನೂ ಹೇಳಿದ. ಕ್ಲೋರಿನ್, ಪ್ಲಾಸ್ಟಿಕ್ ಹಾಳೆ, ಬಿಸಿಗಾಳಿಯ ಯಂತ್ರ, ಏನನ್ನೂ ಬಿಡಲಿಲ್ಲ. ಹೇಳುತ್ತಾ ಹೇಳುತ್ತಾ ಮತ್ತೆ ತನ್ನ ನೀರಿನ ಪರ ವಾದಿಸಲು ಹೊರಟ. ಅದು ಎಷ್ಟು ಸ್ವಚ್ಛವಿತ್ತು ಗೊತ್ತಾ ಮೇಡಂ ಎಂದ. ಡಾಕ್ಟರಮ್ಮ ವಯಸ್ಸಿನಲ್ಲಿ ಅವನಿಗಿಂತ ಚಿಕ್ಕವರು, ದಣಿದಿದ್ದರು, ಆದರೂ ಗೋಡೆಗೆ ಒರಗಿ ನಿಂತು ಕೇಳಿದರು.

“ನಿಮ್ಮ ನೀರು ಚೆನ್ನಾಗೇ ಇರಬಹುದು,” ಎಂದರು. “ನನ್ನ ಮಗನನ್ನ ನಾಳೆನೇ ಅಲ್ಲಿಗೆ ಕಳಿಸ್ತೀನಿ. ಆದರೆ ಅದು ಆರೋಗ್ಯ ಇರೋರಿಗೆ ಸಾಕಾಗೋ ಸ್ವಚ್ಛ. ಕ್ಲೋರಿನ್‌ಗೆ ಬೇಗ ಸಾಯದ ಕ್ರಿಮಿಗಳೂ ಇವೆ. ಕೊಳದಿಂದಲೇ ಬಂತು ಅಂತ ನಾನು ಆಣೆ ಮಾಡೋಕೆ ಆಗಲ್ಲ, ಅವರ ಚರ್ಮದ ಮೇಲಿದ್ದದ್ದೇ ಒದ್ದೆಯಲ್ಲಿ ಬೆಳೆದು ಒಳಗೆ ಹೋಗಿರಬಹುದು. ಬಾಗಿಲು ತೆಗೆದಿಟ್ಟಿದ್ದು ಒದ್ದೆ ಪಟ್ಟಿ, ಅಷ್ಟು ಖಂಡಿತ.”

“ಬದುಕ್ತಾಳಾ?” ಅತ್ತೆ ಕೇಳಿದರು. ಅವರಿಗೆ ಬೇರೆ ಯಾವ ವಿವರವೂ ಬೇಕಿರಲಿಲ್ಲ.

“ಈಗ ಬಂದಿದ್ದಕ್ಕೆ ಆ ನಂಬಿಕೆ ಇದೆ. ಮಾತ್ರೆ ನುಂಗ್ಕೊಂಡು ಬೆಳಗಿನ ತನಕ ಮನೇಲಿ ಇದ್ದಿದ್ದರೆ ನಾನು ಹೀಗೆ ನಿಂತು ಮಾತಾಡ್ತಿರಲಿಲ್ಲ.”

ಎರಡು ದಿನ ಜ್ವರ ಏರಿತು, ಇಳಿಯಿತು, ಮತ್ತೆ ಏರಿತು. ಅತ್ತೆ ಬೆಂಚು ಬಿಟ್ಟು ಮನೆಗೆ ಹೋಗಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಟೀಚರ್ ಬೆವರಿನಲ್ಲಿ ತೊಯ್ದು ಎಚ್ಚರಗೊಂಡಳು. ಮೈ ತಣ್ಣಗಿತ್ತು, ಹಸಿವಾಗುತ್ತಿತ್ತು. ಮುಖಕ್ಕೆ ಮಾಸ್ಕು, ಕೈಗೆ ಗವಸು ಹಾಕಿಕೊಂಡು ಒಳಗೆ ಬಂದ ಅತ್ತೆಯ ಕಣ್ಣು ಮಾತ್ರ ಕಾಣುತ್ತಿತ್ತು. ಅವು ಊದಿಕೊಂಡಿದ್ದವು. ನಿದ್ದೆಗೆಟ್ಟದ್ದಕ್ಕೆ ಎಂದರು ಅವರು, ಯಾರೂ ಕೇಳದಿದ್ದರೂ. ಸೊಸೆ, ಎಲ್ಲರೆದುರು ಹಾಗೆ ಕೂಗಿಬಿಟ್ಟಿರಲ್ಲ ಅತ್ತೆ ಎಂದು ಆಕ್ಷೇಪಿಸಿದಳು. ಅದಕ್ಕೆ ಅತ್ತೆ, ಮೆಲ್ಲಗೆ ಹೇಳಿದ್ದರೆ ಸಾಲಿನಲ್ಲೇ ಇರುತ್ತಿದ್ದೆ ಎಂದು ಹೊದಿಕೆ ಸರಿಮಾಡಿದರು. ಬಾಗಿಲ ತನಕ ಹೋದವರು ನಿಂತು, ಗೋಡೆಗೆ ಹೇಳುವಂತೆ, ಆ ಬಟ್ಟೆ ಕತ್ತರಿಸಬಾರದಿತ್ತು ಎಂದು ಹೇಳಿ, ಸೊಸೆಯ ಉತ್ತರಕ್ಕೆ ಕಾಯದೆ ಹೊರಟುಹೋದರು.

ಗಂಡ ಅವತ್ತೇ ಮ್ಯಾನೇಜರನ ಎದುರು ನಿಂತು ತಾನೇ ಬಾಯಿ ಬಿಟ್ಟ. ಮ್ಯಾನೇಜರ್ ಗಂಟಲು ಹರಿಯುವಷ್ಟು ಕೂಗಾಡಿ, ಬೀಗದಕೈ ಗೊಂಚಲು ಕಸಿದುಕೊಂಡ. ಕೆಲಸದಿಂದ ತೆಗೆಯಲಿಲ್ಲ, ಬುದ್ಧಿ ಬರುವ ತನಕ ಎಂದು ಟಿಕೆಟ್ ಕಿಟಕಿಗೆ ಕೂರಿಸಿದ. ಕಿಟಕಿಯ ಹಿಂದೆ ಕೂರುವುದು ಹೇಗೆ, ಸಾಲು ನುಗ್ಗುವವರನ್ನು ಯಾವ ಕಣ್ಣಿನಿಂದ ನೋಡಬೇಕು ಎಂದು ಅಮ್ಮ ಅವನಿಗೆ ಊಟದ ಹೊತ್ತಿನಲ್ಲೆಲ್ಲ ಪಾಠ ಹೇಳತೊಡಗಿದರು. ಅದಕ್ಕಿಂತ ಕೆಲಸ ಹೋಗಿದ್ದರೇ ವಾಸಿಯಿತ್ತು ಎಂದು ಅವನು ಹೆಂಡತಿಯ ಹತ್ತಿರ ಗೊಣಗಿದ. ಟೀಚರ್ ಹೊಟ್ಟೆ ಹಿಡಿದು ನಕ್ಕಳು.

ಮುಂದಿನ ಕೀಮೋ ಸ್ವಲ್ಪ ತಡವಾಯಿತು, ನಿಲ್ಲಲಿಲ್ಲ. ಉಳಿದವುಗಳೂ ಒಂದೊಂದಾಗಿ ಮುಗಿದವು. ಕೊನೆಯ ಸ್ಕ್ಯಾನಿನಲ್ಲಿ ಗಂಟಿನ ಸುಳಿವಿರಲಿಲ್ಲ. ಪುಟ್ಟಿ ಮನೆಗೆ ಬಂದು ಅಮ್ಮನ ಕತ್ತಿಗೆ ಜೋತುಬಿದ್ದಳು. ತೋಳಿನ ಗಾಯ ಮಾಗಿ, ಬಿಳಿ ಕಣಗಳು ಮೊದಲಿನ ಮಟ್ಟಕ್ಕೆ ಬಂದು, ಇನ್ನು ನೀರಿಗೆ ಇಳಿಯಬಹುದು ಎಂದು ಡಾಕ್ಟರೇ ಬಾಯಿಬಿಟ್ಟು ಹೇಳುವ ತನಕ ಟೀಚರ್ ಕಾದಳು. ಹೇಳಿದ ಮೇಲೂ ಅತ್ತೆ ಎರಡನೆಯ ಸಲ ಕೇಳಿ ಖಾತ್ರಿ ಮಾಡಿಕೊಂಡರು. ಈಜಿ ಬಂದ ಮೇಲೆ ಚೆನ್ನಾಗಿ ಸ್ನಾನ ಮಾಡಿ, ನೀರು ಬಾಯಿಗೆ ಹೋಗದ ಹಾಗೆ ನೋಡಿಕೊಳ್ಳಿ, ದಣಿದರೆ ಮೇಲೆ ಬನ್ನಿ ಎಂದು ಡಾಕ್ಟರ್ ಹೇಳಿದ್ದನ್ನು ಮನೆ ಸೇರುವ ತನಕ ತಾವೇ ಒಪ್ಪಿಸುತ್ತಾ ಬಂದರು.

ಅವಳು ಮರಳಿ ನೀರಿಗೆ ಇಳಿದ ಸಂಜೆ ಹೇಳುವಂಥ ವಿಶೇಷವೇನೂ ನಡೆಯಲಿಲ್ಲ. ಮಕ್ಕಳ ಹೊತ್ತು, ಹತ್ತಾರು ಜನ, ಯಾರದೋ ಮಗು ಅಳುತ್ತಿತ್ತು. ಅವಳು ಒಂದು ಸಲ ಆ ಕಡೆಯಿಂದ ಈ ಕಡೆಗೆ ಈಜಿ, ದಣಿದು, ಮೇಲೆ ಬಂದಳು. ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತಾಗ ಅವಳ ಕೈ ತಟ್ಟೆಯ ಮೇಲೆ ನಿಂತಿತು.

“ಅತ್ತೆ,” ಎಂದಳು, “ನನಗೆ ಚಳಿ ಆಗ್ತಿದೆ.”

ಗಂಡ ನೀರು ಚೆಲ್ಲಿಕೊಂಡು ಎದ್ದ. ಪುಟ್ಟಿ ಊಟ ಬಿಟ್ಟು ಅಮ್ಮನ ಮುಖ ನೋಡಿದಳು. ಅತ್ತೆ ಥರ್ಮಾಮೀಟರ್ ತಂದು ಬಾಯಿಗಿಟ್ಟು, ಅವಳ ಹಿಂದೆ ನಿಂತರು. ತೆಗೆದು ಬೆಳಕಿಗೆ ಹಿಡಿದು ನೋಡಿದರು. ಇನ್ನೊಮ್ಮೆ ನೋಡಿದರು. ಜ್ವರ ಇರಲಿಲ್ಲ. ಆಮೇಲೆ ಅವರ ಕೈ ಸೊಸೆಯ ನೆತ್ತಿಯ ಮೇಲೆ ಬಂದು ಅಲ್ಲೇ ನಿಂತಿತು. ಬೆರಳ ಉದ್ದ ಬೆಳೆದಿದ್ದ ಕೂದಲು ನೀರು ಸುರಿಸುತ್ತಾ ಅಂಗಿಯ ಕಾಲರನ್ನು ತೊಯಿಸಿತ್ತು.

“ತಲೆ ಒರೆಸ್ಕೊಳ್ಳದೆ ಫ್ಯಾನಿನ ಕೆಳಗೆ ಕೂತರೆ ಚಳಿ ಆಗದೆ ಸೆಕೆ ಆಗುತ್ತಾ?”

ಟೀಚರ್ ತನ್ನ ತಲೆ ಮುಟ್ಟಿ ನೋಡಿಕೊಂಡಳು. “ಮರೆತೇಹೋಗಿತ್ತು ಅತ್ತೆ. ಒರೆಸೋ ಅಷ್ಟು ಕೂದಲು ಇದ್ದು ಎಷ್ಟು ದಿನ ಆಯ್ತು...”

ಅತ್ತೆ ಒಳಗಿನಿಂದ ಟವೆಲು ತಂದು, ಪಾತ್ರೆ ಉಜ್ಜುವವರ ಹಾಗೆ ಆ ತಲೆಯನ್ನು ಉಜ್ಜತೊಡಗಿದರು. ಕಿವಿ ಕೆಂಪಾಗುವಷ್ಟು, ಕತ್ತು ಅಲ್ಲಾಡುವಷ್ಟು. ನೋಯುತ್ತೆ ಅತ್ತೆ ಎಂದಳು ಸೊಸೆ. ನೋಯಲಿ ಎಂದರು ಅತ್ತೆ, ಒಣಗಿದ ಮೇಲೂ ತುಂಬಾ ಹೊತ್ತು ಕೈ ನಿಲ್ಲಿಸಲಿಲ್ಲ.